ಬೋಣಿ

ದುರ್ಗಿಗುಡಿಯ ಅಂಗಡಿ. ಗಾಜಿನ ಮೇಲೆ ಮೂರು ಕ್ಯಾಮೆರಾ,
ಸಾಬೂನಿನ ಬಿಲ್ಲೆಯಷ್ಟು. ಕಪ್ಪು, ಹಸಿರು, ಕಿತ್ತಳೆ.
"ಟ್ರೆಕ್ಕಿಂಗಾ ಸರ್? ಕೊಡಚಾದ್ರಿನಾ?" ಅಂತ ಶಾಹೀನಾ.
ಹೆಸರು ಅವಳ ಕೊರಳ ಪಟ್ಟಿಯಲ್ಲಿದೆ, ನನ್ನದು ಅವಳು ಕೇಳಿಲ್ಲ.

ಡಬ್ಬದ ಮೇಲೊಬ್ಬ ಹುಡುಗ ನೀಲಿ ನೀರಿಗೆ ಹಾರುತ್ತಿದ್ದಾನೆ,
ಬಾಯ್ತುಂಬ ಹಲ್ಲು.
ಅಷ್ಟು ನೀಲಿ ನಾನು ಕಂಡಿಲ್ಲ.
ಬೇಸಿಗೆಗೆ ತುಂಗೆ ಪಾಚಿ ಬಣ್ಣ, ಆಷಾಢಕ್ಕೆ ಟೀ,
ಗಾಜನೂರಿನ ಗೇಟು ಎತ್ತಿದ ದಿನ
ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ;
ಆಗ ನೋಡುವುದು ಕೈ.

"ಹದಿನೈದು ಮೀಟರ್ ಆಳಕ್ಕೆ ಹೋಗುತ್ತೆ,
ತಲೆ ಎತ್ತರದಿಂದ ಬಿದ್ರೂ ಒಡೆಯಲ್ಲ,
ನೂರು ಕೆಜಿ ಹೇರಿದ್ರೂ ಏನಾಗಲ್ಲ,
ಹಿಮ ಬಿದ್ರೂ ನಡೆಯುತ್ತೆ." ಗಿಣಿಪಾಠ, ಪಾಪ.
ಮನಸ್ಸಲ್ಲೇ ಲೆಕ್ಕ ಹಾಕಿದೆ: ಒಂಬತ್ತು ಆಳು.
ಒಂದುಸಿರಿಗೆ ನಾನಿಳಿಯುವುದು ನಾಲ್ಕು,
ನಮ್ಮ ಚೌಡಪ್ಪ ಮಾವ ಆರು, ಅದೂ ಬಾಯಿಮಾತು.
ನನಗಿಂತ ಐದಾಳು ಕೆಳಗೆ ಹೋಗಿ
ಇದೊಂದೇ ಏನು ಮಾಡುತ್ತೆ?

ಮುಂಚೆ ಫೋನಿತ್ತು, ಪ್ಲಾಸ್ಟಿಕ್ ಕವರು, ರಬ್ಬರ್ ಬ್ಯಾಂಡು.
ಮಂಡಗದ್ದೆಯ ಕೆಳಗಿನ ಮಡುವಿನಲ್ಲಿ ಅದೂ ಹೋಯಿತು,
ಮಗಳ ಕಿವಿ ಚುಚ್ಚಿಸಿದ ಫೋಟೋಗಳ ಸಮೇತ.
ಠಾಣೆಯವರಿಗೆ ಫೋಟೋ ಬೇಕು:
ಯಾವ ಬಂಡೆ, ಯಾವ ಬೇರು, ಕಾಲು ಯಾವ ದಿಕ್ಕು.
ಪಂಚರು ದಡದಲ್ಲೇ ನಿಂತು ಸಹಿ ಹಾಕುತ್ತಾರೆ;
ಅವರಿಗೆ ಕಾಣುವುದು ನೀರಿನ ಬೆನ್ನು.
ಅರ್ಧ ದುಡ್ಡು ಸ್ಟೇಷನ್ನಿಂದ ಅಂದಿದ್ದಾರೆ.
ಅಂದಿದ್ದಾರೆ.

"ಪಕ್ಕದ ಜ್ಯೂಸಂಗಡೀಲಿ ಐಸು ಸಿಗುತ್ತಾ ತಾಯಿ?"
ಬಕೆಟ್ಟು ಬಂತು, ನೆಲ ಒರೆಸುವುದು, ಹಿಡಿ ಮುರಿದದ್ದು.
ಎರಡೂ ಕೈ ಅದ್ದಿ ಕೂತೆ, ಬೆರಳು ನನ್ನವಲ್ಲ ಅನ್ನಿಸುವವರೆಗೆ.
ಆಮೇಲೆ ಕಣ್ಣು ಮುಚ್ಚಿ ಒಂದೊಂದನ್ನೇ ಹಿಡಿದೆ.
ಕಪ್ಪಿನ ಗುಂಡಿ ಸಾಸಿವೆ. ಸಿಗಲೇ ಇಲ್ಲ.
ಹಸಿರಿನದು ಸಿಕ್ಕಿತು, ಆದರೆ ಬ್ಯಾಟರಿ ಬಾಗಿಲಿಗೆ ಒಂದೇ ಚಿಲಕ,
ಹೆಬ್ಬೆರಳು ತಾಗಿದ್ದೇ ಕಟಕ್ಕೆಂದಿತು.
ಕಿತ್ತಳೆಗೆ ಹುಣಸೆಬೀಜದಂಥ ಗುಂಡಿ, ಎರಡು ಚಿಲಕ.
ಮತ್ತೆ ಆ ಬಣ್ಣ: ಕೈಜಾರಿ ಕೆಸರಿಗೆ ಬಿದ್ದರೂ
ಎರಡಾಳು ಕೆಳಗಿಂದ ಕೂಗಿ ಕರೆದೀತು.

ಕ್ಯಾಶಿನಲ್ಲಿದ್ದ ಲಿಗೋರಿಯವರು ಆಗ ಕನ್ನಡಕ ಏರಿಸಿದರು:
"ನೀವು ಹುಚ್ಚರಾಯಪ್ಪ ಅಲ್ವಾ? ಮುಳುಗೋ ಹುಚ್ಚರಾಯಪ್ಪ?"
ಶಾಹೀನಾ ಡಬ್ಬವನ್ನು ಮೆಲ್ಲಗೆ ಮಗುಚಿಟ್ಟಳು.
ಹಾರುವ ಹುಡುಗ ಕೆಳಮುಖವಾದ.
"ಹಾಗಿಡಬೇಡ," ಅಂದೆ.
ಅಂಗಾತ ಮಾಡಿದಳು.

ಸ್ವಲ್ಪ ಹೊತ್ತಿನ ಮೇಲೆ, ಏನಾದರೂ ಆಡಬೇಕಲ್ಲ ಅಂತ,
"ಮೆಮೊರಿ ಕಾರ್ಡ್ ಬೇರೆ ತಗೋಬೇಕು ಸರ್.
ಇದರದ್ದೇ ನೆನಪು ಸಣ್ಣದು. ಏಳೆಂಟು ಹಿಡಿಸುತ್ತೆ, ಅಷ್ಟೆ.
ಅಳಿಸಿದರೇನೇ ಮುಂದಿನದು."
ಪುಣ್ಯವಂತ ಯಂತ್ರ.

ಬೋಣಿ ಮಾತ್ರ ಆ ಕೆಲಸದ್ದಾಗಬಾರದು.
ಐಸು ಕರಗುತ್ತಿದ್ದ ಬಕೆಟ್ಟಿನ ತಳಕ್ಕೆ
ಕಿತ್ತಳೆಯನ್ನು ಮುಖ ಮೇಲಾಗಿ ಹಿಡಿದು
"ಬಗ್ಗಿ ನೋಡು ತಾಯಿ" ಅಂದೆ, ಒತ್ತಿದೆ.
ತೆಗೆದು ಒರೆಸಿದರೆ
ಟ್ಯೂಬ್‌ಲೈಟು ನೀರುಹಾವಿನಂತೆ ಡೊಂಕು, ಕೆನ್ನೆ ಮೇಲೊಂದು ಐಸಿನ ಚೂರು,
ಶಾಹೀನಾಳ ಮೂಗೊಂದು ಕಡೆ, ಓಲೆಯೊಂದು ಕಡೆ.
"ಅಯ್ಯೋ, ಅಳಿಸಿ ಸರ್! ನಾನು ಹೀಗಿದೀನಾ?"

ಮೇಲೆ ಬರುವಾಗ ದಡದವರೆಲ್ಲ ನನಗೆ ಕಾಣುವುದು ಹೀಗೇ,
ಉಸಿರು ಮುಗಿದು, ಇನ್ನೊಂದು ಮೊಳ ಇದೆ ಅನ್ನುವಾಗ.
ಅಳಿಸಲಿಲ್ಲ.
ಒಳಗೆ ಇನ್ನು ಆರೋ ಏಳೋ ಜಾಗ.